ಬಾವುಟ ನೆಟ್ಟರೆ ನೆಲ ನಮ್ಮದಾಗುತ್ತಾ? ದೇಶಗಳ ಜಮೀನು ಜಗಳದ ಬಗ್ಗೆ ವಕೀಲರ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ಹಲವು ವರ್ಷ ಸಿವಿಲ್ ಕೋರ್ಟಿನಲ್ಲಿ ಜಮೀನು ದಾವೆ ನಡೆಸಿದವಳು. ಈಗ ಕಾನೂನು ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಕಾನೂನು ಪಾಠ ಮಾಡುತ್ತೇನೆ. ಹೊಲ ಯಾರದ್ದು ಅನ್ನುವ ಜಗಳ ಬಿಟ್ಟು ದೇಶ ಯಾರದ್ದು ಅನ್ನುವ ಜಗಳಕ್ಕೆ ಬಂದಿದ್ದೇನೆ, ಅಷ್ಟೇ ವ್ಯತ್ಯಾಸ. ಒಂದು ದೇಶಕ್ಕೆ ಹೊಸ ನೆಲ ಕಾನೂನಿನ ಪ್ರಕಾರ ಹೇಗೆ ಸಿಗುತ್ತದೆ ಅನ್ನುವುದು ಈ ವಾರದ ವಿಷಯ. ಕೇಳಿ.

ಪ್ರಶ್ನೆ (ಬೆಂಗಳೂರಿನಿಂದ): ಮೇಡಂ, ಈಜಿಪ್ಟ್ ಮತ್ತು ಸುಡಾನ್ ನಡುವೆ ಬೀರ್ ತವಿಲ್ ಅಂತ ಒಂದು ಮರುಭೂಮಿ ಇದೆಯಂತೆ. ಯಾವ ದೇಶವೂ ಅದು ನಮ್ಮದು ಅನ್ನುತ್ತಿಲ್ಲವಂತೆ. ಯಾರೋ ಅಲ್ಲಿಗೆ ಹೋಗಿ ಬಾವುಟ ನೆಟ್ಟು, ಇವತ್ತಿಂದ ನಾನೇ ಇಲ್ಲಿನ ರಾಜ ಅಂದ ವಿಡಿಯೊ ನೋಡಿದೆ. ನಾನು ಹೋದರೆ ನನಗೂ ಸಿಗುತ್ತಾ?

ಉತ್ತರ: ಬಿಸಿಲು ಸಿಗುತ್ತದೆ. ರಾಜ್ಯ ಸಿಗಲ್ಲ.

ಆದರೆ ಆ ಜಾಗದ ಕಥೆ ಮಜವಾಗಿದೆ. 1899ರಲ್ಲಿ ಬ್ರಿಟಿಷರು ಈಜಿಪ್ಟ್–ಸುಡಾನ್ ಗಡಿಯನ್ನು 22ನೇ ಅಕ್ಷಾಂಶದ ಮೇಲೆ ನೆಟ್ಟಗೆ ಎಳೆದರು. 1902ರಲ್ಲಿ ಆಡಳಿತದ ಅನುಕೂಲಕ್ಕೆ ಅಂತ ಇನ್ನೊಂದು ಡೊಂಕು ಗೆರೆ ಎಳೆದರು. ಮೊದಲ ಗೆರೆ ಹಿಡಿದರೆ ಕೆಂಪು ಸಮುದ್ರದ ದಡದ ಹಲಾಯಿಬ್ ಈಜಿಪ್ಟಿಗೆ, ಬೀರ್ ತವಿಲ್ ಸುಡಾನಿಗೆ. ಎರಡನೆಯದು ಹಿಡಿದರೆ ಪೂರ್ತಿ ಉಲ್ಟಾ. ಹಲಾಯಿಬ್ ದೊಡ್ಡದು, ಸಮುದ್ರ ಇದೆ, ಬೆಲೆ ಬಾಳುತ್ತದೆ. ಬೀರ್ ತವಿಲ್ ಸುಮಾರು 2,000 ಚದರ ಕಿಲೋಮೀಟರ್ ಕಲ್ಲು ಮತ್ತು ಮರಳು. ಯಾರಾದರೂ ಬಾಯಿ ತಪ್ಪಿ ಬೀರ್ ತವಿಲ್ ನಮ್ಮದು ಅಂದರೆ, ಹಲಾಯಿಬ್ ನಮ್ಮದಲ್ಲ ಅಂತ ಒಪ್ಪಿಕೊಂಡ ಹಾಗೆ. ಅದಕ್ಕೇ ಇಬ್ಬರೂ ಗಪ್‌ಚಿಪ್.

ಇನ್ನು ನಿಮ್ಮ ಬಾವುಟದ ವಿಷಯ. ನೆಲದ ಮೇಲೆ ಆಳುವ ಹಕ್ಕು ಬರುವುದು ದೇಶಕ್ಕೆ, ಪ್ರವಾಸಿಗಲ್ಲ. ಒಬ್ಬ ಖಾಸಗಿ ಮನುಷ್ಯ ಅಲ್ಲಿ ಏನು ಮಾಡಿದರೂ, ಅವನ ಬೆನ್ನಿಗೆ ಒಂದು ಸರ್ಕಾರ ನಿಂತು ಇದು ನಮ್ಮ ಪರವಾಗಿ ಮಾಡಿದ್ದು ಅನ್ನದಿದ್ದರೆ ಲೆಕ್ಕಕ್ಕಿಲ್ಲ. ನಾನೇ ಒಂದು ದೇಶ ಅನ್ನೋಣ ಅಂದರೆ ಜನ ಬೇಕು, ನೆಲ ಬೇಕು, ಸರ್ಕಾರ ಬೇಕು, ಬೇರೆ ದೇಶಗಳ ಜೊತೆ ವ್ಯವಹರಿಸುವ ತಾಕತ್ತು ಬೇಕು. ನಿಮ್ಮ ಹತ್ತಿರ ಇರೋದು ಕ್ಯಾಮೆರಾ. ಅಂದಹಾಗೆ, ಅಲ್ಲಿ ಅಬಾಬ್ದಾ ಅನ್ನುವ ಅಲೆಮಾರಿ ಜನ ತಲೆಮಾರುಗಳಿಂದ ದನಕರು ಮೇಯಿಸಿಕೊಂಡು ಓಡಾಡುತ್ತಾರೆ. ವಿಡಿಯೊ ಮಾಡುವವರು ಇದನ್ನು ಹೇಳಲ್ಲ.

ಪ್ರಶ್ನೆ (ಧಾರವಾಡದ ಕಾನೂನು ವಿದ್ಯಾರ್ಥಿನಿ): ಮೇಡಂ, ನಮ್ಮ ನೋಟ್ಸಿನಲ್ಲಿ ಐದು ವಿಧಾನ ಅಂತ ಇದೆ. ಅಷ್ಟನ್ನು ಉರು ಹೊಡೆದರೆ ಸಾಕಾ?

ಉತ್ತರ: ಪಾಸಾಗೋಕೆ ಸಾಕು. ಅರ್ಥ ಆಗೋಕೆ ಸಾಲದು.

ಯಾರದೂ ಅಲ್ಲದ ನೆಲವನ್ನು ಹಿಡಿಯುವುದು ಒಂದು. ಇನ್ನೊಬ್ಬರ ನೆಲದಲ್ಲಿ ಬಹಳ ಕಾಲ ತಕರಾರಿಲ್ಲದೆ ಆಳ್ವಿಕೆ ನಡೆಸಿ ಹಕ್ಕು ಪಡೆಯುವುದು ಇನ್ನೊಂದು. ಒಪ್ಪಂದ ಮಾಡಿ ಬಿಟ್ಟುಕೊಡುವುದು, ನಮ್ಮ ಭಾಷೆಯಲ್ಲಿ ಕ್ರಯಪತ್ರ ಅಥವಾ ದಾನಪತ್ರ. ನದಿಯೋ ಸಮುದ್ರವೋ ಮಣ್ಣು ತಂದು ಸೇರಿಸುವುದು. ಕೊನೆಗೆ ಯುದ್ಧದಲ್ಲಿ ಗೆಲ್ಲುವುದು. ಈ ಕೊನೆಯದ್ದಕ್ಕೆ ಈಗ ಬೆಲೆ ಇಲ್ಲ, ಆಮೇಲೆ ಹೇಳುತ್ತೇನೆ.

ತೊಂದರೆ ಏನಂದ್ರೆ, ನಿಜವಾದ ಮೊಕದ್ದಮೆ ಈ ಐದು ಡಬ್ಬಿಗಳಲ್ಲಿ ಯಾವುದರಲ್ಲೂ ಸರಿಯಾಗಿ ಕೂರುವುದಿಲ್ಲ. ಪಾಲ್ಮಾಸ್ ದ್ವೀಪದ ಮೊಕದ್ದಮೆ ತಗೊಳ್ಳಿ. ಅದೊಂದನ್ನು ಪೂರ್ತಿ ತಿಳಿದುಕೊಂಡರೆ ಅರ್ಧ ಸಿಲಬಸ್ ಮುಗಿದ ಹಾಗೆ.

1898ರಲ್ಲಿ ಯುದ್ಧ ಸೋತ ಸ್ಪೇನ್, ಪ್ಯಾರಿಸ್ ಒಪ್ಪಂದದಲ್ಲಿ ಫಿಲಿಪ್ಪೀನ್ಸನ್ನು 2 ಕೋಟಿ ಡಾಲರಿಗೆ ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಒಪ್ಪಂದದಲ್ಲಿ ಚಕ್ಕುಬಂದಿ ಬರೆದಿದ್ದರು. ಪಾಲ್ಮಾಸ್ ಅನ್ನುವ ಪುಟ್ಟ ದ್ವೀಪ ಆ ಗೆರೆಯ ಒಳಗೇ ಬರುತ್ತಿತ್ತು. ಉದ್ದ ಎರಡು ಮೈಲಿ, ಅಗಲ ಒಂದು ಮೈಲಿಯೂ ಇಲ್ಲ. 1906ರ ಜನವರಿಯಲ್ಲಿ ಅಮೆರಿಕದ ಜನರಲ್ ಲೆನಾರ್ಡ್ ವುಡ್ ನಮ್ಮ ಹೊಸ ದ್ವೀಪ ನೋಡಿಕೊಂಡು ಬರೋಣ ಅಂತ ಹೋದರು. ಅಲ್ಲಿ ನೋಡಿದರೆ ಡಚ್ ಬಾವುಟ ಹಾರುತ್ತಿದೆ! ನೀವು ಸೈಟು ಕೊಂಡು, ರಿಜಿಸ್ಟರ್ ಮಾಡಿಸಿ, ಪೂಜೆಗೆ ಅಂತ ಹೋದಾಗ ಅಲ್ಲಿ ಬೇರೆಯವರು ಮನೆ ಕಟ್ಟಿಕೊಂಡು ಬಟ್ಟೆ ಒಣಗಿಸುತ್ತಿದ್ದರೆ ಹೇಗಿರುತ್ತೆ, ಹಾಗೆ.

ಕೊನೆಗೆ ಎರಡೂ ದೇಶ ಹೇಗ್‌ನ ಶಾಶ್ವತ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋದವು. ಪಂಚಾಯ್ತಿ ಮಾಡಿದ್ದು ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಹೂಬರ್, ಒಬ್ಬರೇ. ತೀರ್ಪು ಬಂದದ್ದು 1928ರ ಏಪ್ರಿಲ್ 4ರಂದು. ಅಮೆರಿಕದ ವಾದ ಏನಿತ್ತು? ಸ್ಪೇನ್ ಈ ದ್ವೀಪವನ್ನು ಮೊದಲು ಕಂಡುಹಿಡಿದಿದೆ, ಅದು ಫಿಲಿಪ್ಪೀನ್ಸಿಗೆ ಹತ್ತಿರ ಇದೆ, ಒಪ್ಪಂದದಲ್ಲೂ ಸೇರಿದೆ. ಹೂಬರ್ ಒಂದೊಂದನ್ನೇ ಬಿಡಿಸಿಟ್ಟರು. ಸ್ಪೇನಿನ ಹತ್ತಿರ ಇಲ್ಲದ ಹಕ್ಕನ್ನು ಸ್ಪೇನ್ ಮಾರುವುದಕ್ಕೆ ಆಗುವುದಿಲ್ಲ. ಹತ್ತಿರ ಇದೆ ಅನ್ನುವುದು ಹಕ್ಕಲ್ಲ. ಕಂಡುಹಿಡಿದದ್ದು ಬರೀ ಅರೆಬೆಂದ ಹಕ್ಕು. ಆಮೇಲೆ ಬಂದು ಆಳ್ವಿಕೆ ನಡೆಸಿದರೆ ಮಾತ್ರ ಅದು ಬೇಯುತ್ತದೆ.

ಡಚ್ಚರು ಏನು ತೋರಿಸಿದರು ಗೊತ್ತಾ? ದೊಡ್ಡ ಯುದ್ಧವನ್ನಲ್ಲ, ಕೋಟೆಯನ್ನಲ್ಲ. 1677ರಿಂದ ಈಚೆಗೆ ಅಲ್ಲಿನ ಸ್ಥಳೀಯ ಅರಸರ ಜೊತೆ ಮಾಡಿಕೊಂಡ ಕರಾರುಗಳು. ಜನರಿಂದ ತೆರಿಗೆ ವಸೂಲಿ ಮಾಡಿದ ದಾಖಲೆ. 1904ರ ಚಂಡಮಾರುತದ ನಂತರ ಊರವರಿಗೆ ಕೊಟ್ಟ ಪರಿಹಾರ. ದ್ವೀಪ ಡಚ್ಚರದ್ದಾಯಿತು. ಈಗ ಅದರ ಹೆಸರು ಮಿಯಾಂಗಸ್, ಇಂಡೊನೇಷ್ಯಾದ ಉತ್ತರದ ಅಂಚಿನಲ್ಲಿದೆ.

ನನ್ನ ಮೊದಲನೇ ದಾವೆಯಲ್ಲಿ ಒಬ್ಬ ಅಜ್ಜ ಗೋಣಿಚೀಲದ ತುಂಬ ಕಂದಾಯದ ರಸೀದಿ ತಂದಿದ್ದರು. ಎದುರು ಪಾರ್ಟಿ ಹತ್ತಿರ ಚೆಂದದ ಪತ್ರ ಇತ್ತು. ಪಾಲ್ಮಾಸ್ ಪಾಠ ಮಾಡುವಾಗೆಲ್ಲ ನನಗೆ ಆ ಗೋಣಿಚೀಲ ನೆನಪಾಗುತ್ತದೆ. 'ಉಳುವವನೇ ಹೊಲದೊಡೆಯ' ಅಂತ ನಮ್ಮಲ್ಲಿ ಹೇಳುತ್ತಿದ್ದರಲ್ಲ, ಹೂಬರ್ ಹೇಳಿದ್ದೂ ಸುಮಾರಾಗಿ ಅದೇ. ಆಳುವವನೇ ನೆಲದೊಡೆಯ.

ಮರುಪ್ರಶ್ನೆ (ಅದೇ ವಿದ್ಯಾರ್ಥಿನಿ): ಹಾಗಾದ್ರೆ ಜನರೇ ಇಲ್ಲದ ಬಂಡೆ ಮೇಲೆ ಯಾರನ್ನು ಆಳುವುದು ಮೇಡಂ?

ಉತ್ತರ: ಒಳ್ಳೆ ಪ್ರಶ್ನೆ. ಅಂಥ ಕಡೆ ತುಂಬ ಕಡಿಮೆ ಸಾಕು. ಪೆಸಿಫಿಕ್ ಸಾಗರದ ಕ್ಲಿಪ್ಪರ್ಟನ್ ದ್ವೀಪಕ್ಕೆ ಫ್ರಾನ್ಸ್ ಮತ್ತು ಮೆಕ್ಸಿಕೊ ಜಗಳ ಆಡಿದವು. 1858ರಲ್ಲಿ ಒಬ್ಬ ಫ್ರೆಂಚ್ ನೌಕಾ ಅಧಿಕಾರಿ ಒಂದು ವ್ಯಾಪಾರಿ ಹಡಗಿನಲ್ಲೇ ನಿಂತು, ಈ ದ್ವೀಪ ಫ್ರಾನ್ಸಿನದು ಅಂತ ಘೋಷಣೆ ಬರೆದ. ಆಮೇಲೆ ಹೊನೊಲುಲುವಿನ ಒಂದು ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸಿದರು. ಅಷ್ಟೇ. ಪಂಚಾಯ್ತಿ ಮಾಡಿದ ಇಟಲಿಯ ದೊರೆ ಮೂರನೇ ವಿಕ್ಟರ್ ಇಮ್ಯಾನುಯೆಲ್ 1931ರಲ್ಲಿ, ಜನವಸತಿಯೇ ಇಲ್ಲದ ಜಾಗಕ್ಕೆ ಇಷ್ಟು ಸಾಕು ಅಂತ ಫ್ರಾನ್ಸಿಗೆ ಕೊಟ್ಟರು. 2002ರಲ್ಲಿ ಲಿಗಿಟಾನ್ ಮತ್ತು ಸಿಪಾಡಾನ್ ದ್ವೀಪಗಳ ಮೊಕದ್ದಮೆಯಲ್ಲಿ ಇಂಡೊನೇಷ್ಯಾ ವಿರುದ್ಧ ಮಲೇಷ್ಯಾ ಗೆದ್ದಿತು. ಸಾಕ್ಷಿ ಏನು? ಆಮೆ ಮೊಟ್ಟೆ ತೆಗೆಯುವುದಕ್ಕೆ ಹಿಂದೆ ಬ್ರಿಟಿಷರು ಮಾಡಿದ್ದ ನಿಯಮ, ಒಂದು ಪಕ್ಷಿಧಾಮ, ಎರಡು ದೀಪಸ್ತಂಭ. ಆಮೆ ಮೊಟ್ಟೆಗೆ ಲೈಸೆನ್ಸ್ ಕೊಟ್ಟವರು ದ್ವೀಪ ಗೆದ್ದರು ಅಂದರೆ ತರಗತಿಯಲ್ಲಿ ಯಾರೂ ನಂಬಲ್ಲ!

ಪ್ರಶ್ನೆ (ನಿವೃತ್ತ ಕಂದಾಯ ನಿರೀಕ್ಷಕರು, ಹಾಸನ): ನಮ್ಮ ಕಡೆ ಪ್ರತಿಕೂಲ ಸ್ವಾಧೀನಕ್ಕೆ, ಅಂದರೆ ಬೇರೆಯವರ ಜಮೀನನ್ನು ಬಹಳ ಕಾಲ ಅನುಭವಿಸಿ ಹಕ್ಕು ಪಡೆಯೋಕೆ, ಹನ್ನೆರಡು ವರ್ಷ, ಸರ್ಕಾರಿ ಜಮೀನಾದರೆ ಮೂವತ್ತು. ದೇಶಗಳ ಮಧ್ಯೆ ಎಷ್ಟು ವರ್ಷ ತಾಯಿ?

ಉತ್ತರ: ಸರ್, ನಿಮ್ಮಂಥವರು ಪ್ರಶ್ನೆ ಕೇಳಿದರೆ ಖುಷಿ. ಇಂತಿಷ್ಟು ವರ್ಷ ಅಂತ ಎಲ್ಲೂ ಇಲ್ಲ. ಒಮ್ಮೆ ಮಾತ್ರ ಬ್ರಿಟನ್ ಮತ್ತು ವೆನೆಜುವೆಲಾ ತಮ್ಮ ಗಯಾನಾ ಗಡಿ ಜಗಳಕ್ಕೆ 1897ರಲ್ಲಿ ಒಪ್ಪಂದ ಮಾಡಿಕೊಂಡು, ಐವತ್ತು ವರ್ಷ ಸ್ವಾಧೀನ ಇದ್ದರೆ ಹಕ್ಕು ಅಂತ ತಾವೇ ಬರೆದುಕೊಂಡವು. ಅದು ಅವರಿಬ್ಬರ ಮಟ್ಟಿಗೆ ಮಾತ್ರ.

ವರ್ಷಕ್ಕಿಂತ ಮುಖ್ಯ, ಎದುರಿನವರು ಏನು ಮಾಡುತ್ತಿದ್ದರು ಅನ್ನುವುದು. ನಿಮ್ಮ ಕಚೇರಿಯಲ್ಲಿ ಖಾತೆ ಬದಲಾವಣೆಗೆ ನೋಟಿಸ್ ಹಚ್ಚುತ್ತಿದ್ದಿರಲ್ಲ, ಮೂವತ್ತು ದಿನ ತಕರಾರಿಗೆ ಅವಕಾಶ ಅಂತ? ಹಾಗೆ ಇಲ್ಲೂ ಮಾತಾಡಬೇಕಾದಾಗ ಮಾತಾಡದಿದ್ದರೆ ಕೆಟ್ಟಿರಿ. ಪ್ರೆಯಾ ವಿಹಿಯರ್ ದೇವಸ್ಥಾನದ ಕಥೆ ಅದೇ. ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಗಡಿಯ ಬೆಟ್ಟದಂಚಿನಲ್ಲಿ ಹಳೆಯ ಶಿವಾಲಯ. ಒಪ್ಪಂದದಲ್ಲಿ ಗಡಿ ಜಲವಿಭಜಕದ ಮೇಲೆ, ಅಂದರೆ ಮಳೆನೀರು ಎರಡು ಕಡೆಗೆ ಹರಿದು ಬೇರೆಯಾಗುವ ಏಣಿನ ಮೇಲೆ, ಹೋಗಬೇಕು ಅಂತ ಇತ್ತು. ಆದರೆ ಆಗ ಕಾಂಬೋಡಿಯಾ ಆಳುತ್ತಿದ್ದ ಫ್ರೆಂಚರ ಅಧಿಕಾರಿಗಳು 1907ರಲ್ಲಿ ಮಾಡಿದ ನಕ್ಷೆಯಲ್ಲಿ ದೇವಸ್ಥಾನ ಕಾಂಬೋಡಿಯಾ ಕಡೆಗೆ ಬಂತು. ಥಾಯ್ ಸರ್ಕಾರ ಆ ನಕ್ಷೆ ತೆಗೆದುಕೊಂಡು, ಇನ್ನಷ್ಟು ಪ್ರತಿ ಕೊಡಿ ಅಂತಲೂ ಕೇಳಿತು. ತಕರಾರು ಮಾತ್ರ ತೆಗೆಯಲಿಲ್ಲ. 1930ರಲ್ಲಿ ಥಾಯ್ ರಾಜಮನೆತನದ ದಾಮ್ರೊಂಗ್ ದೇವಸ್ಥಾನ ನೋಡಲು ಹೋದಾಗ ಫ್ರೆಂಚ್ ಅಧಿಕಾರಿ ತನ್ನ ದೇಶದ ಬಾವುಟ ಹಾರಿಸಿ ಬರಮಾಡಿಕೊಂಡ. ಅತಿಥಿಯ ಹಾಗೆ ಹೋಗಿ ಬಂದರು. 1962ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ದೇವಸ್ಥಾನವನ್ನು ಕಾಂಬೋಡಿಯಾಕ್ಕೆ ಕೊಟ್ಟಿತು. ಸುಮ್ಮನಿದ್ದದ್ದೇ ಒಪ್ಪಿಗೆಯಾಯಿತು. ಆ ಜಗಳ ಇವತ್ತಿಗೂ ಆರಿಲ್ಲ ಅನ್ನುವುದು ಬೇರೆ ಮಾತು.

ಪ್ರಶ್ನೆ (ಸಿಂಗಪುರದಲ್ಲಿರುವ ಕನ್ನಡಿಗರು): ಮೇಡಂ, ಇಲ್ಲಿ ಪೆಡ್ರಾ ಬ್ರಾಂಕಾ ಅಂತ ಒಂದು ಬಂಡೆಯ ಬಗ್ಗೆ ಮಲೇಷ್ಯಾ ಜೊತೆ ಕೋರ್ಟಿಗೆ ಹೋಗಿದ್ದರು. ನಕ್ಷೆ ನೋಡಿದರೆ ಅದು ಮಲೇಷ್ಯಾಕ್ಕೇ ಹತ್ತಿರ. ಸಿಂಗಪುರ ಹೇಗೆ ಗೆದ್ದಿತು?

ಉತ್ತರ: ಇದು ನನಗೆ ತುಂಬ ಇಷ್ಟದ ಮೊಕದ್ದಮೆ. ಬಂಡೆ ಅಂದರೆ ಬಂಡೆಯೇ. ಸುಮಾರು 137 ಮೀಟರ್ ಉದ್ದ, ಸರಾಸರಿ 60 ಮೀಟರ್ ಅಗಲ. ಸಿಂಗಪುರದಿಂದ 24 ನಾಟಿಕಲ್ ಮೈಲಿ, ಮಲೇಷ್ಯಾದ ಜೊಹೊರ್ ದಡದಿಂದ ಎಂಟು ಮೈಲಿಯೂ ಇಲ್ಲ. ಮೊದಲಿಗೆ ಅದು ಜೊಹೊರ್ ಸುಲ್ತಾನರದ್ದೇ ಆಗಿತ್ತು ಅಂತ ನ್ಯಾಯಾಲಯವೂ ಒಪ್ಪಿತು. ಅಂದರೆ ಮೂಲ ಪಹಣಿ ಮಲೇಷ್ಯಾ ಕಡೆಯ ಹೆಸರಿನಲ್ಲೇ ಇತ್ತು ಅಂದುಕೊಳ್ಳಿ.

1850ರ ಸುಮಾರಿಗೆ ಬ್ರಿಟಿಷರು ಅಲ್ಲಿ ಹಾರ್ಸ್‌ಬರ್ಗ್ ದೀಪಸ್ತಂಭ ಕಟ್ಟಿದರು. ಮುಂದೆ ನೂರು ವರ್ಷ ದೀಪ ನೋಡಿಕೊಂಡದ್ದು ಸಿಂಗಪುರದ ಆಡಳಿತ. 1953ರಲ್ಲಿ ಸಿಂಗಪುರದ ವಸಾಹತು ಕಾರ್ಯದರ್ಶಿ ಕಡೆಯಿಂದ ಜೊಹೊರ್‌ಗೆ ಒಂದು ಕಾಗದ ಹೋಯಿತು. ನಮ್ಮ ಸಮುದ್ರದ ಗಡಿ ಗುರುತು ಮಾಡುತ್ತಿದ್ದೇವೆ, ಆ ಬಂಡೆಯ ಸ್ಥಿತಿಗತಿ ಏನು ತಿಳಿಸಿ ಅಂತ. ಸೆಪ್ಟೆಂಬರ್ 21ಕ್ಕೆ ಜೊಹೊರ್‌ನ ಪ್ರಭಾರ ಕಾರ್ಯದರ್ಶಿ ಉತ್ತರ ಬರೆದರು. ಜೊಹೊರ್ ಸರ್ಕಾರ ಪೆಡ್ರಾ ಬ್ರಾಂಕಾದ ಒಡೆತನ ಕೇಳುವುದಿಲ್ಲ, ಅಷ್ಟೇ ಸಾರಾಂಶ.

ಮುಂದೆ ಸಿಂಗಪುರ ಅಲ್ಲಿ ಹಡಗು ಅಪಘಾತಗಳ ತನಿಖೆ ಮಾಡಿತು, ಮಲೇಷ್ಯಾದ ಅಧಿಕಾರಿಗಳು ಭೇಟಿ ಕೊಡಬೇಕಾದರೂ ಅನುಮತಿ ಕೇಳುವಂತೆ ಮಾಡಿತು, ಮಿಲಿಟರಿ ಉಪಕರಣ ಕೂರಿಸಿತು. ಮಲೇಷ್ಯಾ ಎಚ್ಚೆತ್ತು 1979ರಲ್ಲಿ ತನ್ನ ನಕ್ಷೆಯಲ್ಲಿ ಬಂಡೆ ಸೇರಿಸಿಕೊಂಡಾಗ ತಡವಾಗಿತ್ತು. 2008ರ ಮೇ 23ರಂದು 12–4 ಮತಗಳಿಂದ ಬಂಡೆ ಸಿಂಗಪುರದ್ದು ಅಂತ ತೀರ್ಪಾಯಿತು. ಪಕ್ಕದ ಮಿಡಲ್ ರಾಕ್ಸ್ ಮಲೇಷ್ಯಾಕ್ಕೆ ಹೋಯಿತು, ಯಾಕಂದ್ರೆ ಆ ಕಾಗದದಲ್ಲಿ ಅದರ ಹೆಸರಿರಲಿಲ್ಲ.

ಒಬ್ಬ ಗುಮಾಸ್ತನ ಮೇಜಿನಿಂದ ಹೊರಟ ಹಾಗಿರುವ ಒಂದು ಸಾಲಿನ ಕಾಗದ! ಸರ್ಕಾರಿ ನೌಕರಿಯಲ್ಲಿ ಇರುವವರು ಯಾರಾದರೂ ಈ ಗುಂಪಿನಲ್ಲಿದ್ದರೆ ಇದನ್ನು ಫ್ರೇಮ್ ಹಾಕಿಸಿಟ್ಟುಕೊಳ್ಳಬಹುದು.

ಪ್ರಶ್ನೆ (ಕಾರವಾರದಿಂದ): ನಮ್ಮ ಮನೆ ಕಡೆಯಿಂದ ಅಂಜದೀವ ದ್ವೀಪ ಕಣ್ಣಿಗೇ ಕಾಣುತ್ತದೆ. ಇಷ್ಟು ಹತ್ತಿರ ಇದ್ದೂ ಅದು ಗೋವಾಕ್ಕೆ ಸೇರಿದೆ. ಇದಕ್ಕೂ ಪಾಲ್ಮಾಸ್ ಲೆಕ್ಕವೇನಾ? ಮತ್ತೆ ಗೋವಾವನ್ನು ನಾವು ಸೈನ್ಯ ಕಳಿಸಿಯೇ ತೆಗೆದುಕೊಂಡಿದ್ದಲ್ವಾ?

ಉತ್ತರ: ಎರಡೂ ಸರಿಯಾದ ಪ್ರಶ್ನೆಗಳು. ಎರಡನೆಯದು ಕಷ್ಟದ್ದು.

ಮೊದಲು ದ್ವೀಪ. ಪೋರ್ಚುಗೀಸರು 1505ರಲ್ಲೇ ಅಲ್ಲಿ ಕೋಟೆ ಕಟ್ಟಿದ್ದರು. ಕಾರವಾರದ ದಡ ಬ್ರಿಟಿಷರದ್ದಾಗಿದ್ದಾಗಲೂ ದ್ವೀಪ ಗೋವಾದ ಪೋರ್ಚುಗೀಸ್ ಆಡಳಿತದ ಕೈಯಲ್ಲೇ ಇತ್ತು. ಹತ್ತಿರ ಅನ್ನುವುದು ಹಕ್ಕಲ್ಲ ಅನ್ನುವುದಕ್ಕೆ ನಿಮ್ಮ ಕಿಟಕಿಯಲ್ಲೇ ಸಾಕ್ಷಿ ಇದೆ. ಈಗ ನೌಕಾನೆಲೆಯ ಅಲೆತಡೆ ಗೋಡೆ ಅದನ್ನು ದಡಕ್ಕೇ ಜೋಡಿಸಿದೆ, ಆದರೂ ಕಾಗದದಲ್ಲಿ ಗೋವಾ. ಇವತ್ತು ಅದು ನಮ್ಮ ದೇಶದ ಒಳಗಿನ ವಿಷಯ ಬಿಡಿ.

1961ರ ನವೆಂಬರಿನಲ್ಲಿ ಆ ದ್ವೀಪದಿಂದ ಪೋರ್ಚುಗೀಸರು ಸಾಬರಮತಿ ಅನ್ನುವ ಪ್ರಯಾಣಿಕರ ಹಡಗಿಗೆ ಗುಂಡು ಹಾರಿಸಿದರು. ಆಮೇಲೆ ಮೀನುಗಾರರ ದೋಣಿಗೂ ಹಾರಿಸಿ ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ಕಾರ್ಯಾಚರಣೆ ಶುರುವಾಯಿತು. ಅಂಜದೀವ ಹಿಡಿಯುವಾಗ ನಮ್ಮ ಏಳು ನಾವಿಕರು ಸತ್ತರು. ಆ ದಿನ ಅಲ್ಲಿದ್ದ ಯುದ್ಧನೌಕೆಗಳಲ್ಲಿ ಒಂದರ ಹೆಸರು ಐಎನ್‌ಎಸ್ ಮೈಸೂರು. 19ಕ್ಕೆ ಗೋವಾ ಶರಣಾಯಿತು.

ಈಗ ಕಾನೂನು. 1945ರ ವಿಶ್ವಸಂಸ್ಥೆಯ ಸನ್ನದು ಇನ್ನೊಂದು ದೇಶದ ನೆಲದ ಮೇಲೆ ಬಲಪ್ರಯೋಗ ಮಾಡಬಾರದು ಅನ್ನುತ್ತದೆ. ಪೋರ್ಚುಗಲ್ ಭದ್ರತಾ ಮಂಡಳಿಗೆ ಓಡಿತು. ಕದನ ನಿಲ್ಲಿಸಿ ಸೇನೆ ವಾಪಸ್ ಕರೆಸಿ ಅನ್ನುವ ನಿರ್ಣಯಕ್ಕೆ ಏಳು ಮತ ಪರ, ನಾಲ್ಕು ವಿರುದ್ಧ. ವಿರುದ್ಧದ ನಾಲ್ಕರಲ್ಲಿ ಒಂದು ಸೋವಿಯತ್ ಒಕ್ಕೂಟದ ವೀಟೊ. ನಿರ್ಣಯ ಬಿತ್ತು. ಭಾರತದ ವಾದ ಏನಂದ್ರೆ, ಗೋವಾ ಯಾವತ್ತೂ ಪೋರ್ಚುಗಲ್‌ನ ನೆಲವೇ ಅಲ್ಲ, ಅದು ನಮ್ಮ ಮೈಮೇಲೆ ಉಳಿದಿದ್ದ ವಸಾಹತು, ವಸಾಹತನ್ನು ಕಿತ್ತುಹಾಕುವುದು ಆಕ್ರಮಣ ಅಲ್ಲ. 1960ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ವಸಾಹತುಗಳಿಗೆ ಸ್ವಾತಂತ್ರ್ಯ ಕೊಡಬೇಕು ಅಂತ ಘೋಷಣೆ ಮಾಡಿತ್ತು, ಅದೂ ಬೆನ್ನಿಗಿತ್ತು.

ಮಜ ಏನಂದ್ರೆ, ನಮ್ಮ ಸುಪ್ರೀಂ ಕೋರ್ಟ್ ಇಷ್ಟು ನಯವಾಗಿ ಮಾತಾಡಲಿಲ್ಲ. ಪೋರ್ಚುಗೀಸ್ ಪೌರತ್ವ ಉಳಿಸಿಕೊಂಡು ಗೋವಾದಲ್ಲೇ ಇದ್ದ ಒಬ್ಬ ಪಾದ್ರಿಯ ಮೊಕದ್ದಮೆಯಲ್ಲಿ, 1969ರಲ್ಲಿ, ಭಾರತ ಗೋವಾವನ್ನು ಗೆದ್ದು ಸೇರಿಸಿಕೊಂಡಿದೆ, ಹಾಗಾಗಿ ಅದು ಇನ್ನು 'ಆಕ್ರಮಿತ ಪ್ರದೇಶ' ಅಲ್ಲ ಅನ್ನುವ ಅರ್ಥದಲ್ಲೇ ತೀರ್ಪು ಕೊಟ್ಟಿತು. ಪೋರ್ಚುಗಲ್ ಒಪ್ಪಿಕೊಂಡದ್ದು ಅಲ್ಲಿ ಸರ್ವಾಧಿಕಾರ ಬಿದ್ದ ಮೇಲೆ. 1974ರ ಡಿಸೆಂಬರ್ 31ರಂದು ಸಹಿಯಾದ ಒಪ್ಪಂದದಲ್ಲಿ, ಆಯಾ ಪ್ರದೇಶ ಭಾರತಕ್ಕೆ ಸೇರಿದ ದಿನದಿಂದಲೇ ಜಾರಿಗೆ ಬರುವಂತೆ ಭಾರತದ ಸಾರ್ವಭೌಮತ್ವ ಮಾನ್ಯ ಮಾಡಿತು.

ಪುದುಚೇರಿ ಜೊತೆ ಹೋಲಿಸಿ ನೋಡಿ. 1954ರ ಅಕ್ಟೋಬರಿನಲ್ಲಿ ಕೀಳೂರಿನಲ್ಲಿ ಚುನಾಯಿತ ಪ್ರತಿನಿಧಿಗಳು ಮತ ಹಾಕಿದರು, 178ರಲ್ಲಿ 170 ವಿಲೀನದ ಪರ. ನವೆಂಬರ್ 1ಕ್ಕೆ ಆಡಳಿತ ಕೈಬದಲಾಯಿತು. 1956ರಲ್ಲಿ ಬಿಟ್ಟುಕೊಡುವ ಒಪ್ಪಂದ, 1962ರಲ್ಲಿ ಫ್ರಾನ್ಸಿನ ಅಂಗೀಕಾರ. ಪತ್ರ, ಸ್ವಾಧೀನ, ಜನರ ಮಾತು ಮೂರೂ ಕೂಡಿ ಬಂದವು. ಕೋರ್ಟಿಗೆ ಹೋಗುವ ಕೆಲಸವೇ ಇಲ್ಲ.

ಪ್ರಶ್ನೆ (ತುಮಕೂರಿನಿಂದ): ಕ್ಷಮಿಸಿ ಮೇಡಂ, ಇದೆಲ್ಲ ಬಡಪಾಯಿ ದೇಶಗಳಿಗೆ ಮಾತ್ರ ಅನ್ನಿಸುತ್ತೆ. ಬಲ ಇದ್ದವರು ಹಿಡಿದುಕೊಳ್ಳುತ್ತಾರೆ, ದುಡ್ಡು ಇದ್ದವರು ಕೊಂಡುಕೊಳ್ಳುತ್ತಾರೆ. ಡೆನ್ಮಾರ್ಕಿನ ಗ್ರೀನ್‌ಲೆಂಡನ್ನು ಅಮೆರಿಕ ಕೊಳ್ಳುವ ಮಾತು ಬಂತಲ್ಲ?

ಉತ್ತರ: ನಿಮ್ಮ ಸಿಟ್ಟಿನಲ್ಲಿ ಅರ್ಧ ನಿಜ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. 'ಯಾರದೂ ಅಲ್ಲದ ನೆಲ' ಅನ್ನುವ ಮಾತನ್ನು ಯುರೋಪಿನವರು ಜನ ತುಂಬಿದ ನೆಲಕ್ಕೂ ಹಚ್ಚಿದರು. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳಿಗೆ ಭೂಮಿಯ ಹಕ್ಕು ಇತ್ತು ಅಂತ ಅಲ್ಲಿನ ಹೈಕೋರ್ಟ್ ಒಪ್ಪಿದ್ದು 1992ರಲ್ಲಿ, ಮಾಬೊ ಮೊಕದ್ದಮೆಯಲ್ಲಿ. ಪಶ್ಚಿಮ ಸಹಾರಾ ಬಗ್ಗೆ 1975ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ತಮ್ಮದೇ ನಾಯಕರು ಮತ್ತು ವ್ಯವಸ್ಥೆ ಇರುವ ಬುಡಕಟ್ಟುಗಳ ನೆಲ ಖಾಲಿ ನೆಲ ಅಲ್ಲ ಅಂದಿತು. ತಡವಾಗಿ ಬಂದ ಬುದ್ಧಿ.

ಕೊಳ್ಳುವುದು ಹಳೆಯ ಅಭ್ಯಾಸ. ಅಮೆರಿಕ 1867ರಲ್ಲಿ ರಷ್ಯಾದಿಂದ ಅಲಾಸ್ಕ ಕೊಂಡದ್ದು 72 ಲಕ್ಷ ಡಾಲರಿಗೆ. ನಮ್ಮ ಪಕ್ಕದ ಪಾಕಿಸ್ತಾನ 1958ರಲ್ಲಿ ಗ್ವಾದರ್ ಬಂದರನ್ನು ಒಮಾನ್‌ನಿಂದ ಕೊಂಡಿತು. ಮುಂಬೈ ಅಂತೂ ಪೋರ್ಚುಗಲ್ ರಾಜಕುಮಾರಿಯ ವರದಕ್ಷಿಣೆಯಾಗಿ ಇಂಗ್ಲೆಂಡಿಗೆ ಹೋದದ್ದು! ಗ್ರೀನ್‌ಲೆಂಡ್ ವಿಷಯದಲ್ಲಿ ಒಂದು ತಮಾಷೆ ಇದೆ. ಡೆನ್ಮಾರ್ಕ್‌ನ ವೆಸ್ಟ್ ಇಂಡೀಸ್ ದ್ವೀಪಗಳನ್ನು ಅಮೆರಿಕ 2.5 ಕೋಟಿ ಡಾಲರ್ ಚಿನ್ನ ಕೊಟ್ಟು ಕೊಂಡಾಗ, 1916ರ ಆ ವ್ಯಾಪಾರದ ಜೊತೆಗೇ ಒಂದು ಘೋಷಣೆ ಬರೆದುಕೊಟ್ಟಿತು. ಇಡೀ ಗ್ರೀನ್‌ಲೆಂಡಿಗೆ ಡೆನ್ಮಾರ್ಕ್ ತನ್ನ ಹಿತಾಸಕ್ತಿ ವಿಸ್ತರಿಸಿದರೆ ನಮ್ಮ ಆಕ್ಷೇಪ ಇಲ್ಲ ಅಂತ. 1931ರಲ್ಲಿ ನಾರ್ವೆ ಪೂರ್ವ ಗ್ರೀನ್‌ಲೆಂಡ್ ನಮ್ಮದು ಅಂದಾಗ, ಈಗಿನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೂ ಮೊದಲಿದ್ದ ಶಾಶ್ವತ ಅಂತರರಾಷ್ಟ್ರೀಯ ನ್ಯಾಯಾಲಯವೂ 1933ರಲ್ಲಿ ಡೆನ್ಮಾರ್ಕ್ ಪರ ತೀರ್ಪು ಕೊಟ್ಟಿತು. ಮಾರುವವರು ಒಪ್ಪಿದರೆ ಇವತ್ತೂ ನೆಲ ಕೈಬದಲಾಗಬಹುದು. ಆದರೆ ಗ್ರೀನ್‌ಲೆಂಡಿನವರಿಗೆ ಸ್ವನಿರ್ಣಯದ ಹಕ್ಕಿದೆ ಅಂತ ಡೆನ್ಮಾರ್ಕ್ 2009ರ ಕಾನೂನಿನಲ್ಲೇ ಬರೆದಿದೆ. ಅವರನ್ನು ಬಿಟ್ಟು ಕ್ರಯಪತ್ರ ಬರೆಯೋಕಾಗಲ್ಲ. ಬೆದರಿಸಿ ಸಹಿ ಹಾಕಿಸಿಕೊಂಡರೆ ಆ ಒಪ್ಪಂದವೇ ಶೂನ್ಯ. ನಮ್ಮಲ್ಲೂ ಬೆದರಿಸಿ ಬರೆಸಿಕೊಂಡ ಪತ್ರವನ್ನು ಕೋರ್ಟಿನಲ್ಲಿ ರದ್ದು ಮಾಡಿಸಬಹುದಲ್ವಾ?

ಬಲದ ವಿಷಯ. 1990ರಲ್ಲಿ ಇರಾಕ್ ಕುವೈತ್ ನುಂಗಿತು. ವಾರ ಕಳೆಯುವಷ್ಟರಲ್ಲಿ ಭದ್ರತಾ ಮಂಡಳಿ ಅದು ಶೂನ್ಯ ಅಂದಿತು, ಮುಂದೆ ಸೇನೆಯೇ ಹೋಗಿ ಬಿಡಿಸಿತು. 2014ರಲ್ಲಿ ರಷ್ಯಾ ಕ್ರಿಮಿಯಾ ಸೇರಿಸಿಕೊಂಡಾಗ ಮಹಾಸಭೆಯಲ್ಲಿ 100 ದೇಶ ಉಕ್ರೇನ್ ಪರ, 11 ವಿರುದ್ಧ, 58 ತಟಸ್ಥ. ಭಾರತ ತಟಸ್ಥ. ರಷ್ಯಾ ಬಿಡಲಿಲ್ಲ. ಹೌದು, ವೀಟೊ ಇರುವವರನ್ನು ಎಬ್ಬಿಸುವ ಅಮೀನ ಇನ್ನೂ ಹುಟ್ಟಿಲ್ಲ. ಆದರೆ ಸ್ವಾಧೀನ ಬೇರೆ, ಖಾತೆ ಬೇರೆ. ಒತ್ತುವರಿ ಮಾಡಿದವನ ಹೆಸರಿಗೆ ಖಾತೆ ಮಾಡಿಕೊಡುವುದಿಲ್ಲ ಅಂತ ಜಗತ್ತು ಹಟ ಹಿಡಿದಿರುವುದಕ್ಕೆ ಬೆಲೆ ಇಲ್ಲ ಅಂತ ನನಗನ್ನಿಸಲ್ಲ. ನೀವು ಒಪ್ಪದಿದ್ದರೆ ಜಗಳ ಆಡೋಣ.

ಪ್ರಶ್ನೆ (ಮಂಗಳೂರಿನಿಂದ): ಶ್ರೀಲಂಕಾಕ್ಕೆ ಕಚ್ಚತೀವು ದ್ವೀಪ ಕೊಟ್ಟಾಗ ಸಂವಿಧಾನ ತಿದ್ದುಪಡಿ ಆಗಲಿಲ್ಲವಂತೆ. ಬಾಂಗ್ಲಾದೇಶಕ್ಕೆ ಹಳ್ಳಿಗಳನ್ನು ಕೊಟ್ಟಾಗ ಆಯಿತಂತೆ. ಯಾಕೆ ಈ ಭೇದ?

ಉತ್ತರ: ನೆಲ ಪಡೆಯೋಕೆ ನಮ್ಮ ಸಂವಿಧಾನದಲ್ಲಿ ಅಡ್ಡಿ ಇಲ್ಲ. ಕೊಡೋಕೆ ಇದೆ. 1958ರಲ್ಲಿ ನೆಹರೂ ಅವರು ಪಶ್ಚಿಮ ಬಂಗಾಳದ ಬೇರುಬಾರಿಯ ಅರ್ಧ ಭಾಗವನ್ನು ಪಾಕಿಸ್ತಾನಕ್ಕೆ ಕೊಡಲು ಒಪ್ಪಿದಾಗ, ತಿದ್ದುಪಡಿ ಇಲ್ಲದೆ ಕೊಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1960ರಲ್ಲಿ ಹೇಳಿತು. ಅದಕ್ಕೇ 2015ರಲ್ಲಿ 100ನೇ ತಿದ್ದುಪಡಿ ಮಾಡಿ, ನಮ್ಮ 111 ತುಣುಕು ಪ್ರದೇಶ ಬಾಂಗ್ಲಾಕ್ಕೆ, ಅವರ 51 ನಮಗೆ ಅಂತ ಅದಲುಬದಲು ಮಾಡಿಕೊಂಡರು.

ಕಚ್ಚತೀವು 285 ಎಕರೆ. 1974ರ ಒಪ್ಪಂದದಲ್ಲಿ ಸಮುದ್ರದ ಗಡಿ ಎಳೆದಾಗ ಶ್ರೀಲಂಕಾ ಕಡೆಗೆ ಬಂತು. ಕೇಂದ್ರ ಸರ್ಕಾರದ ವಾದ ಏನಂದ್ರೆ, ಇದು ಬಿಟ್ಟುಕೊಟ್ಟದ್ದಲ್ಲ, ಯಾರದ್ದು ಅಂತ ತೀರ್ಮಾನ ಆಗಿರದ ಜಾಗಕ್ಕೆ ಗಡಿ ಗುರುತಿಸಿದ್ದು ಅಷ್ಟೇ. ತಮಿಳುನಾಡು ಇದನ್ನು ಒಪ್ಪುವುದಿಲ್ಲ, ರಾಮನಾಥಪುರದ ಜಮೀನ್ದಾರಿ ದಾಖಲೆ ತೋರಿಸುತ್ತದೆ. ಬದು ಸರಿಮಾಡಿದ್ದಾ, ಹೊಲ ಕೊಟ್ಟದ್ದಾ? ಹಳ್ಳಿಯಲ್ಲೂ ಇದೇ ಜಗಳ. ನನ್ನ ಪ್ರಕಾರ ತಮಿಳುನಾಡಿನ ವಾದವನ್ನು ಸುಲಭವಾಗಿ ತಳ್ಳಿಹಾಕೋಕಾಗಲ್ಲ. ಆದರೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಸಹಿ ಹಾಕಿ ಇಷ್ಟು ವರ್ಷವಾದ ಮೇಲೆ ವಾಪಸ್ ಕೇಳುವುದು ತುಂಬ ಕಷ್ಟ.

ಪ್ರಶ್ನೆ (ಬೆಳಗಾವಿಯಿಂದ): ಹಾಗಾದ್ರೆ ನಮ್ಮ ಬೆಳಗಾವಿ ಗಡಿ ವಿವಾದಕ್ಕೂ ಈ ನಿಯಮ ಅನ್ವಯಿಸುತ್ತಾ?

ಉತ್ತರ: ಇಲ್ಲ. ರಾಜ್ಯಗಳ ಗಡಿ ಸಂವಿಧಾನದ 3ನೇ ವಿಧಿಯ ಪ್ರಕಾರ ಸಂಸತ್ತಿನ ಕೈಯಲ್ಲಿದೆ. ಮಹಾರಾಷ್ಟ್ರ ಹಾಕಿರುವ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಪಾಲ್ಮಾಸ್ ಇಲ್ಲಿಗೆ ತರಬೇಡಿ, ಈ ಎಳೆ ಇವತ್ತು ಮುಗಿಯಲ್ಲ.

ಪ್ರಶ್ನೆ (ಮೈಸೂರಿನಿಂದ): ಚಂದ್ರನ ಮೇಲೆ ನಾವು ಇಳಿದ ಜಾಗ ನಮ್ಮದಾ ಮೇಡಂ?

ಉತ್ತರ: ಹೆಸರು ಇಡಬಹುದು, ಇಟ್ಟಿದ್ದೇವೆ. ಒಡೆತನ ಇಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಚಂದ್ರನನ್ನು ತನ್ನದಾಗಿಸಿಕೊಳ್ಳುವಂತಿಲ್ಲ.

ಮರುಪ್ರಶ್ನೆ (ಧಾರವಾಡದ ವಿದ್ಯಾರ್ಥಿನಿ): ಮೇಡಂ ಲಾಸ್ಟ್. ನಿಸರ್ಗ ಸೇರಿಸುವುದಕ್ಕೆ ಒಂದು ಉದಾಹರಣೆ ಕೊಡಿ. ಮತ್ತೆ ಯುದ್ಧದಲ್ಲಿ ಗೆಲ್ಲುವುದು ಈಗ ಮಾನ್ಯವಾ ಅಂತ ಕೇಳಿದರೆ ಏನು ಬರೆಯಲಿ?

ಉತ್ತರ: 1963ರಲ್ಲಿ ಐಸ್‌ಲೆಂಡಿನ ಸಮುದ್ರದೊಳಗೆ ಜ್ವಾಲಾಮುಖಿ ಎದ್ದು ಸುರ್ಟ್ಸಿ ಅನ್ನುವ ದ್ವೀಪ ಹುಟ್ಟಿತು. ಅವರದೇ ನೀರಿನಲ್ಲಿ ಹುಟ್ಟಿದ್ದರಿಂದ ಅವರದೇ ಆಯಿತು. ಭಾರತದ್ದೇ ಬೇಕು ಅಂದರೆ 1970ರ ಚಂಡಮಾರುತದ ನಂತರ ಬಂಗಾಳ ಕೊಲ್ಲಿಯಲ್ಲಿ ಕಾಣಿಸಿದ ನ್ಯೂ ಮೂರ್ ದ್ವೀಪ ಬರೆಯಿರಿ. ಬಾಂಗ್ಲಾದೇಶ ಅದನ್ನು ದಕ್ಷಿಣ ತಾಲಪಟ್ಟಿ ಅಂತಿತ್ತು. ಎರಡೂ ದೇಶ ಕೇಳಿದವು, ನಾವು ಬಾವುಟವನ್ನೂ ನೆಟ್ಟೆವು. 2014ರಲ್ಲಿ ಸಮುದ್ರದ ಗಡಿಯ ತೀರ್ಪು ಬರುವಷ್ಟರಲ್ಲಿ ದ್ವೀಪವೇ ಮುಳುಗಿಹೋಗಿತ್ತು.

ಯುದ್ಧದ ಪ್ರಶ್ನೆಗೆ, ಹಿಂದೆ ಮಾನ್ಯವಾಗಿತ್ತು, ಯುದ್ಧ ಬಿಡುತ್ತೇವೆ ಅಂತ ದೇಶಗಳು ಸಹಿ ಹಾಕಿದ 1928ರ ಕೆಲಾಗ್–ಬ್ರಿಯಾಂಡ್ ಒಪ್ಪಂದ ಮತ್ತು 1945ರ ಸನ್ನದಿನ ನಂತರ ಇಲ್ಲ ಅಂತ ಬರೆಯಿರಿ. 1970ರ ಮಹಾಸಭೆಯ ಘೋಷಣೆಯನ್ನೂ ಸೇರಿಸಿ. ಬಲಪ್ರಯೋಗದಿಂದ ಪಡೆದ ನೆಲವನ್ನು ಯಾರೂ ಮಾನ್ಯ ಮಾಡಬಾರದು ಅನ್ನುತ್ತದೆ ಅದು. ಆಮೇಲೆ ಗೋವಾ ಬರೆಯಿರಿ, ಎರಡೂ ಕಡೆಯ ವಾದದ ಜೊತೆ. 1974ರ ಒಪ್ಪಂದ ಬಿಟ್ಟು ಬರೀ ದೇಶಪ್ರೇಮ ಬರೆದರೆ ನಾನಂತೂ ಎರಡು ಮಾರ್ಕ್ಸ್ ಕಳೆಯುತ್ತೇನೆ.